ಹೊತ್ತದ ದೀಪ

ನಮ್ಮೂರಲ್ಲಿ ಸೊಸೆ ಬಂದ ಮನೆಯ ಬಾಗಿಲಿಗೆಲ್ಲ ನಗರಸಭೆಯವರು ಕೊಕ್ಕೆ ಹೊಡೆದು ಒಂದು ದೀಪ ತೂಗುಹಾಕುತ್ತಾರೆ. ಅವಳು ಮುಟ್ಟಾದ ದಿನ ಅದು ತಾನೇ ಹೊತ್ತಿಕೊಳ್ಳುತ್ತದೆ. ಎದುರುಮನೆಯದು ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಹೊತ್ತುತ್ತದೆ. ನನ್ನದು ಒಮ್ಮೆ ನಲವತ್ತು ದಿನಕ್ಕೆ, ಒಮ್ಮೆ ಎಪ್ಪತ್ತಕ್ಕೆ. ಈ ಸಲ ನಾಲ್ಕು ತಿಂಗಳಾದರೂ ಹೊತ್ತಿಲ್ಲ.

ಇವತ್ತು ನಗರಸಭೆಯ ಪುಟ್ಟಗೌರಮ್ಮ ರಿಜಿಸ್ಟರು ಹಿಡಿದು ಬಂದರು. "ಬೇಜಾರು ಮಾಡ್ಕೋಬೇಡ ಕಣಮ್ಮ. ಬಂಜೆ ಅಂತ ಬರ್ಕೊಂಡು ದೀಪ ಬಿಚ್ಕೊಂಡು ಬಾ ಅಂದಿದಾರೆ."

ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡರು. ನಾನೇ ಸ್ಟೂಲ್ ತಂದು ಹಾಕಿದೆ.

"ದೀಪ ಬಿಚ್ಕೊಳ್ಳಿ ಗೌರಕ್ಕ, ಏನು ಬೇಕಾದ್ರೂ ಬರ್ಕೊಳ್ಳಿ. ಕೊಕ್ಕೆ ಮಾತ್ರ ಬಿಟ್ಟು ಹೋಗಿ. ಇನ್ನೈದು ತಿಂಗಳಿಗೆ ಅದಕ್ಕೆ ತೊಟ್ಟಿಲು ಕಟ್ಟಬೇಕು."