ನರಸಿಂಹಪ್ಪನವರ ಗುಟ್ಟು ಹೊರಬಿದ್ದ ಬಗೆ

"ಡೈ ಹಚ್ಚಿ ತುರಿಕೆ ಬಂದ್ರೆ ಮಜ್ಜಿಗೇಲಿ ತಲೆ ತೊಳೀಬೇಕು ಸಾರ್," ಎಂದ ಕ್ಷೌರಿಕ ಭಾನುಪ್ರಕಾಶ್, ಕಿವಿಯ ಹತ್ತಿರ ಬಾಗಿ.

ಕುರ್ಚಿಯಲ್ಲಿ ಕೂತಿದ್ದ ನರಸಿಂಹಪ್ಪನವರು ಗಕ್ಕನೆ ತಲೆ ತಿರುಗಿಸಿದರು. ತುರಿಕೆ ಬಂದದ್ದು ನಿಜ. ಆದರೆ ಅದನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಬೆಳಿಗ್ಗೆ ಮಹಡಿಯ ಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಕೇಳಿದ್ದು ಒಂದು ಫೋನನ್ನು ಮಾತ್ರ.

ಶಿಡ್ಲಘಟ್ಟದ ರೇಷ್ಮೆ ಹುರಿ ಕಾರ್ಖಾನೆಯ ಯಂತ್ರಗಳ ನಡುವೆ ಮೂವತ್ತೆರಡು ವರ್ಷ ಮೇಲ್ವಿಚಾರಕರಾಗಿದ್ದವರು ಅವರು. ಮಾಲೀಕರ ಒಂದು ಗುಟ್ಟೂ ಅವರ ಬಾಯಿಂದ ಹೊರಬಿದ್ದಿರಲಿಲ್ಲ. ಈಗ ನೋಡಿದರೆ ಅವರ ಗುಟ್ಟೇ ಬೀದಿಪಾಲಾಗುತ್ತಿತ್ತು.

ಫೋನು ಕೊಡಿಸಿದ್ದು ಮಗಳು ಶಿರೀಷಾ. ಟೈಪು ಮಾಡಲು ಬೆರಳು ಬಗ್ಗುವುದಿಲ್ಲ ಎಂದಾಗ, ಮೈಕಿನ ಚಿತ್ರ ಒತ್ತಿ ಕೇಳಬೇಕಾದ್ದನ್ನು ಬಾಯಲ್ಲೇ ಕೇಳುವುದನ್ನು ಅವಳೇ ಕಲಿಸಿದ್ದಳು. ಉತ್ತರ ಪರದೆಯ ಮೇಲೆ ದಪ್ಪಕ್ಷರದಲ್ಲಿ ಮೂಡುತ್ತಿತ್ತು. ಆ ಭಾನುವಾರ ನಿವೃತ್ತರ ಸಂಘದ ಅಧ್ಯಕ್ಷರ ಚುನಾವಣೆ. ನರಸಿಂಹಪ್ಪನವರು ನಿಂತಿದ್ದರು. ಜೀವನದಲ್ಲಿ ಒಮ್ಮೆಯೂ ವೇದಿಕೆ ಹತ್ತಿದವರಲ್ಲ. ಕೇಳಬೇಕಾದದ್ದು ಬೇಕಾದಷ್ಟಿತ್ತು.

ಕ್ಷೌರದ ಅಂಗಡಿಯಿಂದ ಹೊರಬಿದ್ದರೆ ಎದುರಿಗೇ ಗಂಗುಲಪ್ಪ. ಚುನಾವಣೆಯ ಎದುರಾಳಿ. ಗಂಟೆ ಹೊಡೆದಂಥ ದನಿ.

"ಭಾಷಣ ಮಾಡುವಾಗ ಕಾಲು ನಡುಗಿದ್ರೆ ಮೇಜು ಹಿಡ್ಕೊಂಬಿಡು ನರಸಿಂಹಪ್ಪ! ನಂಗೂ ಹಂಗೇ ಆಗ್ತಿತ್ತು!"

ಕಾಲು ನಡುಗುವ ವಿಷಯ ಹಿಂದಿನ ದಿನ ಫೋನಿಗೆ ಕೇಳಿದ್ದು. ಅದೂ ಬಾಯಿಗೆ ಕೈ ಅಡ್ಡ ಹಿಡಿದು.

ಮನೆಗೆ ಬಂದವರೇ ಆದಿಲಕ್ಷ್ಮಮ್ಮನವರ ಎದುರು ನಿಂತರು. ಆಕೆ ಅವರೆಕಾಯಿ ಸುಲಿಯುತ್ತಿದ್ದರು.

"ಊರಿಗೆಲ್ಲ ಸಾರ್ತಿರೋದು ನೀನೇನಾ?"

ಆಕೆ ತಲೆಯೆತ್ತಿ ಒಂದೊಂದೇ ಮಾತು ಬಿಡಿಸಿ ಹೇಳಿದರು: "ನಾನ್ಯಾಕೆ ಸಾರ್ಲಿ? ನಾನು ಹೇಳೋಕೆ ನೀವು ಏನಾದ್ರೂ ಉಳ್ಸಿದ್ದೀರಾ?"

ಈ ಮಾತಿಗೆ ತಲೆ ಬುಡ ತಿಳಿಯಲಿಲ್ಲ. ಆಕೆಯ ಮಾತು ಈಚೆಗೆ ಹಾಗೇ. ಹೋದ ತಿಂಗಳು ಟಿವಿ ತೋರಿಸಿ, ಟಿವಿ ತೋರಿಸಿ ಎಂದು ಪ್ರಾಣ ತಿಂದಿದ್ದರು. ಹೊತ್ತುಕೊಂಡು ಹೋಗಿ ತೋರಿಸಿದರೆ, ರಿಪೇರಿಯವನು ಏನೂ ಕೆಟ್ಟಿಲ್ಲ ಎಂದು ಹಿಂದಕ್ಕೆ ಕೊಟ್ಟಿದ್ದ. ಆದಿಲಕ್ಷ್ಮಮ್ಮ ಹಣೆ ಹಣೆ ಚಚ್ಚಿಕೊಂಡಿದ್ದರು.

ಆದರೂ ಆಕೆಯ ಕಣ್ಣಲ್ಲಿ ನೀರಾಡಿದ್ದು ಕಂಡು ನರಸಿಂಹಪ್ಪನವರಿಗೆ ಪಿಚ್ಚೆನ್ನಿಸಿತು. ನಲವತ್ತು ವರ್ಷದ ಸಂಸಾರ. ಇವಳಲ್ಲ. ಹಾಗಾದರೆ ಉಳಿದದ್ದು ಒಂದೇ. ಫೋನುಗಳು ನಾವಾಡಿದ್ದನ್ನೆಲ್ಲ ಕದ್ದು ಕೇಳಿ ಯಾರಿಗೋ ಮಾರುತ್ತವಂತೆ ಎಂದು ಪೇಪರಿನಲ್ಲಿ ಓದಿದ್ದರು.

ಕಳ್ಳನನ್ನು ಹಿಡಿಯಲು ಬಲೆ ಬೀಸಬೇಕು. ತಮಗೆ ಈ ಜನ್ಮದಲ್ಲಿ ಬೇಡವಾದ, ಯಾರೂ ಊಹಿಸದ ವಸ್ತು ಯಾವುದೆಂದು ಯೋಚಿಸಿದರು. ಸಂಜೆ ಮಹಡಿ ಕೋಣೆಯಲ್ಲಿ ಕಂಬಳಿ ಮುಸುಕೆಳೆದು, ಫೋನನ್ನು ತುಟಿಗೆ ತಾಗಿಸಿ ಕೇಳಿದರು:

"ನನಗೊಂದು ಕುದುರೆ ಬೇಕು. ಎಲ್ಲಿ ಸಿಗತ್ತೆ?"

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಾಚೆ ಕುದುರೆ ನಿಂತಿತ್ತು.

ಬಿಳಿ ಕುದುರೆ. ಹಣೆಗೆ ಕೆಂಪು ಕುಚ್ಚು. ಆದಿಲಕ್ಷ್ಮಮ್ಮನವರ ತುಳಸಿಗಿಡವನ್ನು ಅರ್ಧ ಮೇಯ್ದಾಗಿತ್ತು. ಹಗ್ಗ ಹಿಡಿದವನು ಜೋರಾಗಿ ಕೈಮುಗಿದ.

"ದಿಬ್ಬೂರಹಳ್ಳಿ ಅಂಬರೀಶ್ ಸಾರ್! ಮದುವೆ ಮೆರವಣಿಗೆ ಕುದುರೆ. ಬ್ಯಾಂಡಿಗೂ ಬೆದರಲ್ಲ, ನೀವೇ ಹತ್ರ ಬಂದು ಮಾತಾಡ್ಸಿ ನೋಡಿ! ನೀವು ನಿಂತಿದ್ದೀರಂತಲ್ಲ, ಗೆದ್ರೆ ಮೆರವಣಿಗೆಗಾ?"

"ನಿನಗೆ ಯಾರಯ್ಯ ಹೇಳಿದ್ದು?"

"ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಎಲ್ರೂ ಅಂತಿದ್ರು ಸಾರ್!"

ನರಸಿಂಹಪ್ಪನವರ ಕಾಲು ವೇದಿಕೆಯಿಲ್ಲದೆಯೇ ನಡುಗಿತು. ಕುದುರೆ ಬೇಡವೆಂದು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಅಂಬರೀಶ್ ಹೊರಟ ಕೂಡಲೇ ಫೋನನ್ನು ಮೂರು ಸುತ್ತು ಟವೆಲಿನಲ್ಲಿ ಸುತ್ತಿ, ಸ್ಟೀಲಿನ ಊಟದ ಡಬ್ಬಿಗೆ ತುರುಕಿ, ಮುಚ್ಚಳ ಬಿಗಿದು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಟಿಕೆಟ್ಟಿಗೂ ಕೈಸನ್ನೆ ಮಾಡಿದರು.

ಪೊಲೀಸ್ ಕಚೇರಿಯ ಮೊದಲ ಮಹಡಿ. ಸೈಬರ್ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಪವಿತ್ರ ಎಂಬ ಎಳೆ ವಯಸ್ಸಿನ ಕಾನ್‌ಸ್ಟೇಬಲ್. ಗೋಡೆಯ ಪಕ್ಕದ ಬೆಂಚಿನಲ್ಲಿ ಏಳೆಂಟು ಜನ ತಮ್ಮ ಸರದಿಗೆ ಕಾಯುತ್ತಿದ್ದರು. ನರಸಿಂಹಪ್ಪನವರು ಬೆಂಚಿಗೆ ಬೆನ್ನು ತಿರುಗಿಸಿ, ಮೇಜಿನ ಮೇಲೆ ಬಾಗಿ, ಡಬ್ಬಿಯನ್ನು ಮುಂದಿಟ್ಟು, ಆಕೆಗೊಬ್ಬಳಿಗೇ ಎಲ್ಲವನ್ನೂ ಹೇಳಿದರು. ತುರಿಕೆ, ಕಾಲು, ಕುದುರೆ. ಒಂದನ್ನೂ ಬಿಡಲಿಲ್ಲ. ಪವಿತ್ರ ಯಾಕೋ ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತಲೇ ಇದ್ದಳು.

ಹೇಳಿ ಮುಗಿಸುವಷ್ಟರಲ್ಲಿ ಯಾರೋ ಭುಜ ಮುಟ್ಟಿದರು. ಬೆಂಚಿನಲ್ಲಿದ್ದ ಅಜ್ಜಿ. ಕಿವಿಗೆ ಬಾಯಿಟ್ಟು ಹೇಳಿತು:

"ಮಜ್ಜಿಗೆ ಗಿಜ್ಜಿಗೆ ಬೇಡ ನಾಯ್ನಾ. ತುರಿಕೆಗೆ ಲೋಳೆಸರ ಹಚ್ಕೋ."

ನರಸಿಂಹಪ್ಪನವರು ಬೆಚ್ಚಿ ಡಬ್ಬಿಯನ್ನು ದೂರ ತಳ್ಳಿದರು. "ನೋಡಿದ್ಯೇನಮ್ಮ? ಡಬ್ಬೀಲಿ ಮುಚ್ಚಿಟ್ರೂ ಕಳಿಸ್‌ಬಿಡ್ತು! ಇದನ್ನೂ ಬರ್ಕೋ!"

ಪವಿತ್ರಳ ತುಟಿ ಅಲ್ಲಾಡಿತು. ನರಸಿಂಹಪ್ಪನವರು "ಆಂ?" ಎಂದರು. ಮತ್ತೊಮ್ಮೆ ಅಲ್ಲಾಡಿತು. "ಆಂ?" ಆಕೆ ಉಸಿರು ಬಿಟ್ಟು, ಒಂದು ಹಾಳೆ ಎಳೆದುಕೊಂಡು ದೊಡ್ಡ ಅಕ್ಷರಗಳಲ್ಲಿ ಏನೋ ಬರೆದು ಅವರ ಕೈಗೆ ಕೊಟ್ಟಳು. ದೂರಿಗೆ ರಸೀದಿ ಸಿಕ್ಕಿತೆಂದು ಹಿಗ್ಗಿ, ಕನ್ನಡಕ ಏರಿಸಿ ಓದಿದರು:

"ಸರ್, ನಿಮ್ಮ ಫೋನಿನ ತಪ್ಪೇನೂ ಇಲ್ಲ. ದಯವಿಟ್ಟು ಕಿವಿ ತೋರಿಸಿಕೊಳ್ಳಿ. ನೀವು ಗುಟ್ಟಾಗಿ ಹೇಳಿದ್ದು ಕೆಳಗೆ ರಸ್ತೆಯಲ್ಲಿ ನಿಂತವರಿಗೂ ಕೇಳಿಸಿದೆ."