ಬೆಳಗಿನ ಮೂರು ತಾಸು

ಜಟ್ಟಪ್ಪ ಸುಳ್ಳು ಹೇಳುತ್ತಿದ್ದಾನೆ. ಅವನ ಎದೆಯ ಮೇಲಿನ ಯಂತ್ರವನ್ನು ಬಿಚ್ಚಲು ಕೈಹಾಕಿದಾಗಲೇ ನಾಗಶ್ರೀಗೆ ಅದು ಖಾತ್ರಿಯಾಯಿತು. ನಿನ್ನೆ ಅವಳು ಅಂಟಿಸಿದ್ದ, ಯಂತ್ರದ ತಂತಿಗಳ ಐದು ಬಿಲ್ಲೆಗಳಲ್ಲಿ ಒಂದೂ ತನ್ನ ಜಾಗದಲ್ಲಿರಲಿಲ್ಲ. ಎಲ್ಲವೂ ಬೆರಳಗಲ ಆಚೀಚೆ ಸರಿದಿದ್ದವು. ಮೇಲಿಂದ ಅಂಗಡಿಯ ಪ್ಲಾಸ್ಟರ್ ಬೇರೆ.

"ಜಟ್ಟಪ್ಪಣ್ಣ, ಇದನ್ನ ಬಿಚ್ಚಿದ್ರಾ?"

"ಅಂಟು ಬಿಟ್ಟಿತ್ತು ಬಾಯೋರೆ. ಇವಳೇ ತಿರುಗಿ ಅಂಟ್ಸಿದ್ಲು."

ಇವಳೆಂದರೆ ಮಾದೇವಿ, ಅವನ ಹೆಂಡತಿ. ಬಾಗಿಲ ಬಳಿಯ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಮೆಟ್ಟಿಲು ಹತ್ತಿ ಬಂದು ಹತ್ತು ನಿಮಿಷ ಕಳೆದಿದ್ದರೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಲೇ ಇದ್ದಳು. ಗಂಡನ ಚಿಂತೆ, ಪಾಪ, ಎಂದುಕೊಂಡಳು ನಾಗಶ್ರೀ.

ಎರಡು ಸಾವಿರದ ಐದರ ಡಿಸೆಂಬರ್ ಅದು. ಡಾಕ್ಟರ್ ರಾಮನಾಥ ಕಾರವಾರದ ತಮ್ಮ ಕ್ಲಿನಿಕ್ಕಿಗೆ ಹೋಲ್ಟರ್ ಯಂತ್ರ ತರಿಸಿ ತಿಂಗಳಾಗಿತ್ತಷ್ಟೆ. ಅಂಗೈಯಗಲದ ಡಬ್ಬಿ. ಒಂದು ಹಗಲು ಒಂದು ರಾತ್ರಿ ಮೈಮೇಲೆ ಕಟ್ಟಿಕೊಂಡರೆ ಹೃದಯದ ಒಂದೊಂದು ಬಡಿತವನ್ನೂ ಬರೆದಿಡುತ್ತಿತ್ತು. ಕಟ್ಟುವುದು, ಬಿಚ್ಚುವುದು, ಕಂಪ್ಯೂಟರಿಗೆ ಹಾಕಿ ಓದುವುದು ನಾಗಶ್ರೀಯ ಕೆಲಸ. ಎಲ್ಲರಿಗೂ ಅವಳು ಮೂರೇ ಮಾತು ಹೇಳುತ್ತಿದ್ದಳು: ನೀರು ತಾಗಿಸಬೇಡಿ, ನಾಳೆ ಈ ಹೊತ್ತಿನ ತನಕ ಎದೆ ಮೇಲೆ ಇರಲಿ, ನಡುವೆ ಖಾಲಿ ಬಿಡಬೇಡಿ.

ಜಟ್ಟಪ್ಪ ಅಂಕೋಲೆಯ ಕೇಣಿಯವನು. ದೋಣಿಯಲ್ಲಿ ಒಯ್ದು ಕಡಲಿಗೆ ಬಿಟ್ಟು, ದಡದಲ್ಲಿ ಊರೇ ಹಗ್ಗ ಹಿಡಿದು ಎಳೆಯುವ ರಂಪಣಿ ಬಲೆಯಲ್ಲಿ ಅವನ ಬದುಕು. ಹಗ್ಗಕ್ಕೆ ಮನೆಗೊಂದು ಜನ ನಿಲ್ಲಬೇಕು, ನಿಂತ ಮನೆಗೆ ಮೀನಿನ ಪಾಲು. ಒಬ್ಬರಿಗೆ ಆಗದಿದ್ದರೆ ಅದೇ ಮನೆಯ ಇನ್ನೊಬ್ಬರು ಬಂದರೂ ನಡೆಯುತ್ತದೆ, ಯಾರೂ ತಕರಾರು ತೆಗೆಯುವುದಿಲ್ಲ. ಹೋದ ವಾರ ಅವನು ಹಗ್ಗ ಹಿಡಿದಲ್ಲೇ ತಲೆ ತಿರುಗಿ ಬಿದ್ದಿದ್ದ. ಸೋಮವಾರದ ಉಪವಾಸ, ಹೊಟ್ಟೆ ಖಾಲಿ ಇತ್ತು ಎಂಬುದು ಅವನ ವಾದ. ಹೃದಯವಿರಬಹುದು ಎಂಬುದು ಡಾಕ್ಟರರ ಅನುಮಾನ. ಹೃದಯವೇ ಆಗಿದ್ದರೆ ಹಗ್ಗ ಬಿಡಬೇಕು, ಬಿಡದಿದ್ದರೆ ಜೀವ ಬಿಡಬೇಕು. ಅವನ ಮುಖ ಬಿಳಿಚಿಕೊಂಡಿದ್ದು ಅದಕ್ಕೇ.

ನಾಗಶ್ರೀ ಕಂಪ್ಯೂಟರಿನ ಮುಂದೆ ಕುಳಿತಳು. ಇಪ್ಪತ್ತೊಂದು ತಾಸಿನ ಬಡಿತ ಗಡಿಯಾರ ಇಟ್ಟ ಹಾಗಿತ್ತು. ಬೆಳಗಿನ ಐದರಿಂದ ಎಂಟರವರೆಗಿನದು ಮಾತ್ರ ಬೇರೆ. ಬಡಿಯುತ್ತ ಬಡಿಯುತ್ತ ಹೃದಯ ನಿಂತೇ ಬಿಡುತ್ತಿತ್ತು. ನಾಲ್ಕು ಸೆಕೆಂಡು, ಒಮ್ಮೆ ಆರು ಸೆಕೆಂಡು. ಹೀಗೆ ಹನ್ನೊಂದು ಸಲ. ಐದಕ್ಕೂ ಎಂಟಕ್ಕೂ ಒಂದೆರಡು ನಿಮಿಷ ಗೆರೆ ಕಲಸಿಹೋಗಿತ್ತು. ನಡುವೆ ಅದರ ಆಕಾರವೂ ತುಸು ಬದಲಾಗಿತ್ತು. ಬಿಲ್ಲೆ ಸರಿದರೆ ಹಾಗಾಗುವುದುಂಟು, ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ಐದರಿಂದ ಎಂಟರ ತನಕ ಎಲ್ಲಿದ್ರಿ? ಸಮುದ್ರಕ್ಕೆ ಹೋಗಿದ್ರಾ?"

"ಯಂತ್ರಕ್ಕೆ ಒಂದು ಹನಿ ನೀರು ತಾಗ್ಲಿಲ್ಲ. ಅದು ಮನೆ ಹೊಸ್ತಿಲು ದಾಟ್ಲೂ ಇಲ್ಲ. ಬೇಕಾರೆ ಆಣೆ ಮಾಡ್ತೆ."

"ಹೌದು ಬಾಯೋರೆ," ಎಂದಳು ಮಾದೇವಿ. "ಮನೇಲೇ ಇತ್ತು. ನಾನೇ ಜತನ ಮಾಡಿದ್ದೆ."

ನಾಗಶ್ರೀ ಡಬ್ಬಿಯನ್ನು ತಿರುಗಿಸಿ ನೋಡಿದಳು. ಎಲ್ಲೂ ಪಸೆಯಿರಲಿಲ್ಲ, ಉಪ್ಪಿನ ಕಲೆಯಿರಲಿಲ್ಲ. ಬಿಚ್ಚಿಟ್ಟು ಹೋಗಿದ್ದರೆ ಆ ಮೂರು ತಾಸಿನಲ್ಲಿ ಬಡಿತವೇ ಇರುತ್ತಿರಲಿಲ್ಲ. ಸುಮ್ಮನೆ ಬಡವನ ಮೇಲೆ ಸಂಶಯಪಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಡಾಕ್ಟರ್ ರಾಮನಾಥ ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. "ಎದೆಯೊಳಗೆ ಪೇಸ್‌ಮೇಕರ್ ಇಡಬೇಕು ಜಟ್ಟಪ್ಪ. ಹೃದಯ ನಿಲ್ಲೋಕೆ ಹೋದಾಗೆಲ್ಲ ಅದು ತಟ್ಟಿ ಎಬ್ಬಿಸುತ್ತೆ. ಬೇಗ ಆಗಬೇಕು. ಹಗ್ಗ ಮಾತ್ರ ಇನ್ನು ಮುಟ್ಟಬೇಡ."

ಮಾತಾಡಿದವಳು ಮಾದೇವಿ. "ಅದಕ್ಕೆಂತ, ಹಗ್ಗಕ್ಕೆ ನಾ ನಿಲ್ತೆ. ಇವ್ರ ಜೀವ ಒಂದು ಉಳೀಲಿ."

ಆ ಮಾತಿಗೆ ನಾಗಶ್ರೀಯ ಕಣ್ಣು ಒದ್ದೆಯಾಯಿತು. ಖರ್ಚಿನ ಹಣಕ್ಕಾಗಿ ಧರ್ಮಸಂಸ್ಥೆಯೊಂದಕ್ಕೆ ಅವಳೇ ಹತ್ತು ಸಲ ಫೋನು ಮಾಡಿದಳು. ಜನವರಿಯಲ್ಲಿ ಮಂಗಳೂರಿನಲ್ಲಿ ಜಟ್ಟಪ್ಪನಿಗೆ ಪೇಸ್‌ಮೇಕರ್ ಇಟ್ಟರು. ಒಂದು ಜೀವ ಉಳಿಸಿದೆ ಎಂಬ ಹೆಮ್ಮೆ ಅವಳಿಗೆ ಬಹಳ ದಿನ ಇತ್ತು.

ಮೇ ತಿಂಗಳಲ್ಲಿ ಜಟ್ಟಪ್ಪ ತಪಾಸಣೆಗೆ ಬಂದ, ಒಬ್ಬನೇ. ಮಂಗಳೂರಿನಿಂದ ತರಿಸಿದ್ದ ಉಪಕರಣವನ್ನು ಅವನ ಎದೆಯ ಮೇಲಿಟ್ಟು ಡಾಕ್ಟರರು ಎರಡೆರಡು ಸಲ ನೋಡಿದರು. ಅದು ತೋರಿಸಿದ್ದು ವಿಚಿತ್ರವಾಗಿತ್ತು. ನಾಲ್ಕು ತಿಂಗಳಲ್ಲಿ ಪೇಸ್‌ಮೇಕರ್ ಒಂದೇ ಒಂದು ಸಲವೂ ಕೆಲಸ ಮಾಡಿರಲಿಲ್ಲ. ಕೆಟ್ಟಿರಲಿಲ್ಲ, ಕೆಲಸವೇ ಬಿದ್ದಿರಲಿಲ್ಲ. ಅವನ ಹೃದಯ ಒಮ್ಮೆಯೂ ನಿಂತಿರಲಿಲ್ಲ. ಡಾಕ್ಟರರು ಹಣೆ ಉಜ್ಜಿಕೊಳ್ಳುತ್ತ ಮಂಗಳೂರಿಗೆ ಫೋನು ಮಾಡಲು ಎದ್ದು ಹೋದರು.

ಅಂಗಿ ಹಾಕಿಕೊಳ್ಳುತ್ತಿದ್ದವನನ್ನು ನಾಗಶ್ರೀ ಕೇಳಿದಳು. "ಮಾದೇವಕ್ಕ ಬರ್ಲಿಲ್ವಾ?"

"ಅವಳು ಯುಗಾದಿ ಮುಂಚೆನೇ ಹೋಗ್ಬಿಟ್ಲು ಬಾಯೋರೆ. ಹಗ್ಗ ಎಳೀತಾ ಇದ್ದವಳು ಹಂಗೇ ಮಳಲ ಮೇಲೆ ಕೂತ್ಲು. ಎಬ್ಬಿಸೂಕೆ ಹೋದ್ರೆ ಉಸಿರೇ ಇರ್ಲಿಲ್ಲ." ಅವನ ಕೈ ಗುಂಡಿಯ ಮೇಲೇ ನಿಂತಿತು. "ಒಂದು ದಿನ ಮೈ ಸರಿ ಇಲ್ಲ ಅಂತ ಮಲಗಿದವಳಲ್ಲ."

ನಾಗಶ್ರೀ ಸುಮ್ಮನೆ ಕೂರಲಾಗದೆ ಅವನ ಹಳೆಯ ಫೈಲು ತೆರೆದಳು. ಐದರಿಂದ ಎಂಟು. ಹನ್ನೊಂದು ಸಲ. ಡಿಸೆಂಬರಿನ ಸಂಶಯ ಮತ್ತೆ ತಲೆಯೆತ್ತಿತು.

"ಜಟ್ಟಪ್ಪಣ್ಣ, ಈಗಾದ್ರೂ ನಿಜ ಹೇಳಿ. ಆ ದಿನ ಬೆಳಿಗ್ಗೆ ನೀವು ಸಮುದ್ರಕ್ಕೆ ಹೋಗಿದ್ರಿ, ಅಲ್ವಾ?"

ಅವನು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನೆಲ ನೋಡಿದ. "ಹೋಗಿದ್ದೆ. ದಡಕ್ಕೆ ಬಂಗಡೆ ಬಂದಿತ್ತು, ಹೋಗ್ದೆ ಇರೂಕೆ ಆಗ್ಲಿಲ್ಲ. ಆದ್ರೆ ನಿಮ್ಮ ಮಾತು ಮೀರ್ಲಿಲ್ಲ ಬಾಯೋರೆ, ಯಂತ್ರನ ಖಾಲಿ ಬಿಡ್ಲಿಲ್ಲ." ಆಮೇಲೆ ಅವಳನ್ನು ಸಮಾಧಾನಪಡಿಸುವವನಂತೆ ಹೇಳಿದ:

"ನಾ ತಿರುಗಿ ಬರೂ ತನಕ, ನನ್ನ ಬದ್ಲಿಗೆ ಮಾದೇವಿ ಕಟ್ಕಂಡಿದ್ಲು."