ಹಲ್ಲಿಯ ಸಾಕ್ಷಿ

ಹೊಸ ಚಿತ್ರಪುಸ್ತಕದ ವಾಸನೆ ಬಂದರೆ ಇಂದಿಗೂ ಮುಂಬೈ ಬಳಿಯ ಠಾಕುರ್ಲಿಯ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಆಗ ನನಗೆ ಹಲ್ಲಿಯೆಂದರೆ ಹೆದರಿಕೆ. ಆಸ್ಪತ್ರೆಗೆ ಸೇರುವ ಮುನ್ನ ಅಮ್ಮ, ಹಲ್ಲಿ ನಮ್ಮ ಗೆಳೆಯ ಎಂದು ಹೇಳುವ ಪುಸ್ತಕವೊಂದನ್ನು ತಂದುಕೊಟ್ಟಿದ್ದಳು.

ಅದನ್ನು ಜೋರಾಗಿ ಓದುತ್ತಿದ್ದಾಗ ಗೋಡೆಯ ಹಲ್ಲಿ ಲೊಚಗುಟ್ಟಿತು.

“ಕೃಷ್ಣ ಕೃಷ್ಣ. ನಿಜ ಅಂತ ಹೇಳ್ತಾ ಉಂಟು,” ಎಂದು ಉಡುಪಿಯಿಂದ ಬಂದಿದ್ದ ಅಜ್ಜಿ ನೆಲ ತಟ್ಟಿದರು.

ಸ್ವಲ್ಪ ಹೊತ್ತಿಗೆ ಅದೇ ಹಲ್ಲಿ ನನ್ನ ಭುಜದ ಮೇಲೆ ಬಿತ್ತು. ಅಜ್ಜಿಯ ಮುಖ ಬಿಳಿಚಿತು. “ಅಪಶಕುನ. ಬೇಗ ಮಿಂದು ಬಾ.”

ಗೆಳೆಯ ಮೈಮೇಲೆ ಬಿದ್ದರೆ ಸ್ನಾನ ಯಾಕೆಂದು ತಿಳಿಯಲಿಲ್ಲ.

ನನ್ನ ತಲೆ ಒರೆಸುತ್ತಾ ಅಜ್ಜಿ, “ಅಮ್ಮ ನಾಳೆ ಬರ್ತಾಳೆ,” ಎಂದರು.

“ಸಚ್ಚೀ? ನಿಜವಾ?” ಎಂದೆ.

ಅಜ್ಜಿ ಗೋಡೆ ನೋಡಿದರು. ಮತ್ತೆ ಮೇಲೇರಿದ್ದ ಹಲ್ಲಿ ಸುಮ್ಮನಿತ್ತು. ಕೊನೆಗೆ ಅವರೇ ನಾಲಿಗೆಯಲ್ಲಿ ಲೊಚಗುಟ್ಟಿ, ನೆಲ ತಟ್ಟಿದರು.